ಅರ್ಬುದದ ಕಾವಲುಗಾರನೂ ನಮ್ಮ ಮೂರು ತಾಲೂಕುಗಳೂ

ಅರ್ಬುದರೋಗವು, ಎಂದರೆ ಇಂದು ಹಳ್ಳಿಯ ಜನರೂ ಕ್ಯಾನ್ಸರ್ ಎಂದೇ ಕರೆಯುವ ರೋಗವು, ಹೊರಗಿನಿಂದ ದಂಡೆತ್ತಿ ಬರುವ ವೈರಿಯಲ್ಲ. ಅದು ಮನೆಯೊಳಗೆ ಹುಟ್ಟುವ ದಂಗೆ. ನಮ್ಮದೇ ಶರೀರದ ಒಂದು ಜೀವಕೋಶವು ತನ್ನ ಮೇರೆಯನ್ನು ಮರೆತು, ನೆರೆಯ ಕೋಶಗಳಿಗೆ ಸಲ್ಲಬೇಕಾದ ಆಹಾರವನ್ನು ತಾನೇ ಸೆಳೆದುಕೊಂಡು, ಒಂದು ಎರಡಾಗಿ ಎರಡು ನಾಲ್ಕಾಗಿ ತಡೆಯಿಲ್ಲದೆ ಬೆಳೆಯತೊಡಗಿದರೆ ಈ ರೋಗವು ಉಂಟಾಗುವದು. ಕೋಟ್ಯನುಕೋಟಿ ಕೋಶಗಳು ದಿನದಿನವೂ ಒಡೆದು ಇಮ್ಮಡಿಯಾಗುತ್ತಿರುವ ಶರೀರದಲ್ಲಿ ಅಂಥ ದಂಗೆಯು ಏಕೆ ಆಗುವದೆಂದು ಕೇಳುವದಕ್ಕಿಂತ, ಬಹುಜನರಲ್ಲಿ ಬಹುಕಾಲ ಅದು ಏಕೆ ಆಗದೆ ಉಳಿಯುವದೆಂದು ಕೇಳುವದೇ ಹೆಚ್ಚು ಯುಕ್ತವಾದುದು. ಇದಕ್ಕೆ ಶಾಸ್ತ್ರಜ್ಞರು ಕೊಡುವ ಉತ್ತರವು ಸರಳವಾಗಿದೆ. ಪ್ರತಿಯೊಂದು ಕೋಶದಲ್ಲಿಯೂ ಕಾವಲುಗಾರರಿದ್ದಾರೆ. ಪ್ರೋಟೀನುಗಳೆಂಬ ಸೂಕ್ಷ್ಮ ವಸ್ತುಗಳಲ್ಲಿ ಕೆಲವು ಈ ಕಾವಲಿನ ಕೆಲಸವನ್ನೇ ಮಾಡುತ್ತವೆ.

ಇಂಥ ಕಾವಲುಗಾರರಲ್ಲಿ ಒಬ್ಬನ ವಾಸಸ್ಥಾನವು ಮುಖ್ಯವಾಗಿ ಮೆದುಳು. ಅರ್ಬುದವು ಬೆಳೆದ ಮೆದುಳಿನಲ್ಲಿ ಅವನು ನಿದ್ರೆಹೋಗಿರುವನೆಂದೂ, ಅವನನ್ನು ಎಬ್ಬಿಸಿದರೆ ಗಂತಿಯ ಬೆಳವಣಿಗೆಯು ಕುಂಠಿತವಾಗುವದೆಂದೂ ಅಮೇರಿಕೆಯ ವಿಜ್ಞಾನಿಗಳು ಇಲಿಗಳಲ್ಲಿ ಪ್ರಯೋಗ ನಡೆಯಿಸಿ ತೋರಿಸಿದ್ದಾರೆ. ಇದು ಅಟ್ಲಾಂಟಾ ನಗರದ ಪ್ರಯೋಗಶಾಲೆಯ ಮಾತು. ಯಾದಗಿರಿ, ಶಹಾಪುರ, ಸುರಪುರಗಳ ವಾಚಕರಿಗೆ ಇದರಿಂದ ಆಗಬೇಕಾದುದೇನೆಂದು ಕೆಲವರು ಕೇಳಬಹುದು. ಆಗಬೇಕಾದುದು ಬಹಳವಿದೆ ಎಂಬುದೇ ನಮ್ಮ ಅಭಿಪ್ರಾಯ. ಏಕೆಂದರೆ ಪರದೇಶದ ವಿದ್ವಾಂಸರು ಯಾವ ಕಾವಲುಗಾರರನ್ನು ಎಬ್ಬಿಸಲು ಹೆಣಗುತ್ತಿರುವರೋ, ಅಂಥವರನ್ನೇ ಈ ಸೀಮೆಯ ಬಾವಿಯ ನೀರೂ ಬಾಯೊಳಗಿನ ತಂಬಾಕೂ ದಿನವೂ ಮಲಗಿಸುತ್ತಿವೆ.

ಕಾವಲುಗಾರರ ನಾಯಕ

ಮೊದಲು ಕಾವಲುಗಾರರ ನಾಯಕನ ಪರಿಚಯವಾಗಬೇಕು. ಅವನಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ಪಿ-೫೩. ೧೯೭೯ರಲ್ಲಿ ಅವನು ಮೊದಲು ಕಂಡುಬಂದಾಗ ಅರ್ಬುದಕ್ಕೆ ಅವನೇ ಕಾರಣನೆಂದು ಭಾವಿಸಲಾಗಿತ್ತು. ಹತ್ತು ವರುಷಗಳ ತರುವಾಯ, ೧೯೮೯ರ ಸುಮಾರಿಗೆ, ಅವನು ಅಪರಾಧಿಯಲ್ಲ, ರಕ್ಷಕನು ಎಂಬುದು ಸ್ಥಿರಪಟ್ಟಿತು. ಕೋಶವೊಂದು ಒಡೆದು ಎರಡಾಗುವ ಮುನ್ನ ಅದರ ವಂಶವಾಹಿಗಳಲ್ಲಿ, ಎಂದರೆ ಕೋಶದ ಬಾಳಿನ ಆಜ್ಞೆಗಳೆಲ್ಲ ಬರೆದಿರುವ ದಫ್ತರದಲ್ಲಿ, ಏನಾದರೂ ಕೆಟ್ಟಿದ್ದರೆ ಪಿ-೫೩ ಆ ಕೋಶವನ್ನು ತಡೆದು ನಿಲ್ಲಿಸುವನು. ಕೆಟ್ಟುದನ್ನು ತಿದ್ದಲು ಅವಕಾಶ ಕೊಡುವನು. ತಿದ್ದಲಾಗದಷ್ಟು ಕೆಟ್ಟಿದ್ದರೆ ಆ ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವಂತೆ ಮಾಡುವನು. ಮನುಷ್ಯರಿಗೆ ಬರುವ ಅರ್ಬುದಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪಿ-೫೩ರ ವಂಶವಾಹಿಯೇ ಕೆಟ್ಟಿರುವದೆಂಬುದನ್ನು ನೋಡಿದರೆ, ಇವನ ಕಾವಲು ಎಷ್ಟು ಬೆಲೆಯುಳ್ಳದ್ದೆಂಬುದು ತಿಳಿಯುವದು.

ಆದರೆ ನಾಯಕನಿಗೂ ಹಿತಶತ್ರುವಿದ್ದಾನೆ. ಎಂ.ಡಿ.ಎಂ.-೨ ಎಂಬ ಇನ್ನೊಂದು ಪ್ರೋಟೀನು ಪಿ-೫೩ಕ್ಕೆ ಅಂಟಿಕೊಂಡು ಅದನ್ನು ನಾಶಕ್ಕೆ ಗುರಿಮಾಡುವದು. ಆರೋಗ್ಯವಂತ ಕೋಶದಲ್ಲಿ ಇದು ಬೇಕಾದ ಕೆಲಸವೇ. ಕಾವಲುಗಾರರು ಅಳತೆಮೀರಿ ಹೆಚ್ಚಿದರೆ ಕೋಶದ ಸಹಜ ಬೆಳವಣಿಗೆಯೇ ನಿಂತುಹೋಗುವದು. ಈ ತಕ್ಕಡಿಯು ಒಂದು ಕಡೆಗೆ ವಾಲಿದಾಗ ಮಾತ್ರ ಅನರ್ಥವು.

ಮೆದುಳಿನ ಪ್ರೋಟೀನು

ಈಗ ಮೆದುಳಿನ ಕಾವಲುಗಾರನ ಮಾತು. ೧೯೯೭ರಲ್ಲಿ ಜಪಾನಿನ ಶಾಸ್ತ್ರಜ್ಞರು ಪಿ-೫೩ರ ಆಜ್ಞೆಗೆ ಒಳಪಟ್ಟ ವಂಶವಾಹಿಗಳನ್ನು ಹುಡುಕುತ್ತಿರುವಾಗ, ಮೆದುಳಿನಲ್ಲಿ ವಿಶೇಷವಾಗಿ ದೊರೆಯುವ ಪ್ರೋಟೀನೊಂದನ್ನು ಕಂಡರು. ಹೊಸ ರಕ್ತನಾಳಗಳು ಹುಟ್ಟುವದನ್ನು ಅದು ತಡೆಯುವದೆಂದು ತಿಳಿದು ಅದಕ್ಕೆ ತಕ್ಕ ಹೆಸರನ್ನಿಟ್ಟರು. ಆ ಹೆಸರಿನ ಸಂಕ್ಷೇಪವು ಬಿ.ಎ.ಐ.-೧. ಗಂತಿಯು ದೊಡ್ಡದಾಗಬೇಕಾದರೆ ಅದಕ್ಕೆ ರಕ್ತವು ಬೇಕು. ರಕ್ತವು ಬೇಕಾದರೆ ಹೊಸ ನಾಳಗಳು ಬೇಕು. ಬಿ.ಎ.ಐ.-೧ರ ಹೊರಭಾಗವು ತುಂಡಾಗಿ ಬೇರ್ಪಟ್ಟು ಆ ನಾಳಗಳ ಬೆಳವಣಿಗೆಯನ್ನೇ ತಡೆಯುವದು. ಕಳ್ಳಗದ್ದೆಗೆ ಕಾಲುವೆಯ ನೀರನ್ನು ಕಟ್ಟಿಹಾಕಿದಂತೆ ಈ ಕೆಲಸವು.

ಮೆದುಳಿನ ಅತ್ಯಂತ ಕ್ರೂರವಾದ ಗ್ಲಿಯೋಬ್ಲಾಸ್ಟೋಮಾ ಎಂಬ ಅರ್ಬುದದಲ್ಲಿ ಈ ಪ್ರೋಟೀನು ಬಹುಮಟ್ಟಿಗೆ ಕಾಣುವದೇ ಇಲ್ಲ. ಅದರ ವಂಶವಾಹಿಯು ನಷ್ಟವಾಗಿದೆಯೇ ಎಂದು ನೋಡಿದರೆ, ಬಹಳ ಕಡೆ ಅದು ಇದ್ದಲ್ಲಿಯೇ ಇದೆ; ಆದರೆ ಅದರ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಬಿದ್ದು, ಎಂ.ಬಿ.ಡಿ.-೨ ಎಂಬ ಬೇರೊಂದು ಪ್ರೋಟೀನು ಆ ಗುರುತುಗಳ ಮೇಲೆ ಕುಳಿತು, ದಫ್ತರದ ಆ ಹಾಳೆಗೆ ಮೊಹರು ಹಾಕಿದಂತಾಗಿದೆ. ಬರಹವು ಅಳಿದಿಲ್ಲ; ಓದುವವರಿಲ್ಲ. ಶಹಾಪುರದ ಗುಡ್ಡಗಳ ಸಾಲಿನಲ್ಲಿ ಮಲಗಿದ ಬುದ್ಧನ ಆಕಾರವನ್ನು ಕಂಡವರಿಗೆ ಹೇಳುವದಾದರೆ, ಮೆದುಳಿನ ಈ ಕಾವಲುಗಾರನೂ ಸತ್ತಿಲ್ಲ, ಮಲಗಿದ್ದಾನೆ.

೨೦೧೮ರಲ್ಲಿ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಎರ್ವಿನ್ ವಾನ್ ಮೇಯರ್ ಅವರೂ ಅವರ ಸಹೋದ್ಯೋಗಿಗಳೂ ಮತ್ತೊಂದು ಸಂಗತಿಯನ್ನು ಪ್ರಕಟಿಸಿದರು. ಮೆಡುಲ್ಲೋಬ್ಲಾಸ್ಟೋಮಾ ಎಂಬುದು ಮಕ್ಕಳ ಮೆದುಳಿನ ಮಾರಕ ಗಂತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವದು. ಅದಕ್ಕೆ ಈಡಾಗಬಲ್ಲ ಇಲಿಗಳಲ್ಲಿ ಬಿ.ಎ.ಐ.-೧ ಇಲ್ಲದಂತೆ ಮಾಡಿದಾಗ ಗಂತಿಗಳು ಹೆಚ್ಚಾದವು. ಕಾರಣವನ್ನು ಹುಡುಕಿದಾಗ ಬಿ.ಎ.ಐ.-೧ ಪ್ರೋಟೀನು ಎಂ.ಡಿ.ಎಂ.-೨ನ್ನು ಹಿಡಿದಿಟ್ಟು, ಅದರ ಕೈಯಿಂದ ಪಿ-೫೩ನ್ನು ಕಾಪಾಡುವದೆಂದು ತಿಳಿದುಬಂದಿತು. ಎಂದರೆ ನಾಯಕನ ಅಂಗರಕ್ಷಕನೇ ಇವನು! ಬಳಿಕ ಮೊಹರನ್ನು ತೆಗೆಯಬಲ್ಲ ಕೆ.ಸಿ.ಸಿ.-೦೭ ಎಂಬ ರಾಸಾಯನಿಕವನ್ನು ಇಲಿಗಳಿಗೆ ಕೊಟ್ಟರು. ಅದು ರಕ್ತದಿಂದ ಮೆದುಳಿಗೆ ದಾಟಿತು. ಮಲಗಿದ್ದ ವಂಶವಾಹಿಯು ಎಚ್ಚರಗೊಂಡಿತು. ಮಾನವ ಗಂತಿಯನ್ನು ನೆಟ್ಟಿದ್ದ ಆ ಇಲಿಗಳ ಆಯುಷ್ಯವು ಹೆಚ್ಚಿತು. ಪ್ರೋಟೀನನ್ನೇ ಚುಚ್ಚುಮದ್ದಿನಿಂದ ಕೊಡಬಾರದೇ ಎಂದರೆ, ಅದರ ಗಾತ್ರವು ದೊಡ್ಡದು, ಮೆದುಳಿನ ಬಾಗಿಲು ಕಿರಿದು. ಆದುದರಿಂದಲೇ ಒಳಗಿರುವವನನ್ನು ಎಬ್ಬಿಸುವ ಈ ಉಪಾಯವು.

ಇಷ್ಟನ್ನು ಓದಿ ಯಾರೂ ಅವಸರಪಡಬಾರದು. ಇಲಿಗೆ ಗುಣವಾದುದೆಲ್ಲ ಮನುಷ್ಯನಿಗೆ ಗುಣವಾಗುವದೆಂಬ ನಿಯಮವಿಲ್ಲ. ಪಿ-೫೩ನ್ನು ವಿಷಾಣುವಿನ ಮೂಲಕ ಗಂತಿಯೊಳಗೆ ಸೇರಿಸುವ ಔಷಧಕ್ಕೆ ಚೀನಾ ಸರಕಾರವು ೨೦೦೩ರಲ್ಲಿಯೇ ಒಪ್ಪಿಗೆ ಕೊಟ್ಟಿತು. ಆದರೂ ಜಗತ್ತಿನ ಆಸ್ಪತ್ರೆಗಳಲ್ಲಿ ಅದು ನೆಲೆಗೊಳ್ಳಲಿಲ್ಲ. ಮೇಲಾಗಿ ಈ ಕಾವಲು ಪ್ರೋಟೀನುಗಳು ಕೋಶದೊಳಗೆ ಹುಟ್ಟುವವು. ಅಂಗಡಿಯ ಪ್ರೋಟೀನು ಪುಡಿಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ. ರೋಗದ ಹೆಸರಿನಲ್ಲಿ ಅಂಥ ಡಬ್ಬಿಗಳನ್ನು ಮಾರುವವರ ಮಾತಿಗೆ ಮರುಳಾಗಿ ಬಡವರು ಹಣವನ್ನೂ ಅದಕ್ಕಿಂತ ಬೆಲೆಯುಳ್ಳ ಕಾಲವನ್ನೂ ಕಳೆದುಕೊಳ್ಳಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಕಿರದಳ್ಳಿ ತಾಂಡಾದ ನೀರು

ಕಾವಲುಗಾರನನ್ನು ಎಬ್ಬಿಸುವ ಮದ್ದು ಬರುವಾಗ ಬರಲಿ. ಅವನನ್ನು ಮಲಗಿಸುವವರು ಯಾರೆಂಬುದು ಇಂದೇ ತಿಳಿದಿದೆ. ಅವರಲ್ಲಿ ಒಬ್ಬನು ಆರ್ಸೆನಿಕ್, ನಮ್ಮ ಹಿರಿಯರು ಪಾಷಾಣವೆಂದು ಹೆಸರಿಟ್ಟು ಹೆದರುತ್ತಿದ್ದ ವಿಷ.

ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಗ್ರಾಮವಿದೆ. ಇದು ಕಡಲತೀರದ ಮಂಗಳೂರಲ್ಲ. ಅದರ ಸುತ್ತಣ ಶಿಲೆಗಳಲ್ಲಿ ಚಿನ್ನದ ಎಳೆಗಳಿದ್ದು, ಹಿಂದಿನ ಕಾಲದಲ್ಲಿ ಅಲ್ಲಿ ಗಣಿಯು ನಡೆದಿತ್ತು. ಚಿನ್ನವಿರುವ ಇಂಥ ಶಿಲೆಗಳಲ್ಲಿ ಆರ್ಸೆನಿಕ್ಕೂ ಕೂಡಿಕೊಂಡಿರುವದು. ಕೋಲಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರೂ ಸಂಗಡಿಗರೂ ಈ ಪ್ರದೇಶದ ಕಿರದಳ್ಳಿ ತಾಂಡಾದಲ್ಲಿ ಶೋಧನೆ ನಡೆಯಿಸಿ ೨೦೧೩ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ ೫೯ ಕೊಳವೆಬಾವಿಗಳ ನೀರಿನ ಮಾದರಿಗಳಲ್ಲಿ ನೂರಕ್ಕೆ ೭೯ರಲ್ಲಿ ಆರ್ಸೆನಿಕ್ ಪ್ರಮಾಣವು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದ ಮೇರೆಯನ್ನು, ಎಂದರೆ ಲೀಟರಿಗೆ ೧೦ ಮೈಕ್ರೋಗ್ರಾಮನ್ನು, ಮೀರಿತ್ತು. ಒಂದು ಮಾದರಿಯಲ್ಲಿ ಅದು ೩೦೩ಕ್ಕೆ ಏರಿತ್ತು; ಮೇರೆಯ ಮೂವತ್ತು ಪಟ್ಟು! ಮೇಲ್ಮಣ್ಣಿನ ೧೨ ಮಾದರಿಗಳಲ್ಲಿ ಆರರಲ್ಲಿ ಕಿಲೋ ಒಂದಕ್ಕೆ ೨,೦೦೦ ಮಿಲಿಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಕೂದಲು ಉಗುರುಗಳನ್ನು ಕೊಟ್ಟ ೧೭೧ ನಿವಾಸಿಗಳಲ್ಲಿ ಒಬ್ಬರೂ ಈ ವಿಷದಿಂದ ಪಾರಾಗಿರಲಿಲ್ಲ. ಪರೀಕ್ಷೆಗೆ ಒಳಗಾದ ೧೮೧ ಜನರಲ್ಲಿ ನೂರಕ್ಕೆ ೫೮ಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳು ಕಂಡವು. ಅಂಗೈ ಅಂಗಾಲುಗಳು ಒರಟಾಗಿ ಗಂಟುಕಟ್ಟುವದು, ಮೈಮೇಲೆ ಕರಿಯ ಬಿಳಿಯ ಮಚ್ಚೆಗಳು ಏಳುವದು ಈ ವಿಷದ ಮೊದಲ ಬರಹ. ಬಹುವರ್ಷ ಇಂಥ ನೀರನ್ನು ಕುಡಿದವರಿಗೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಅರ್ಬುದವು ಬರುವ ಸಂಭವವು ಹೆಚ್ಚೆಂಬುದು ಲೋಕವೇ ಒಪ್ಪಿದ ಮಾತು.

ಈ ವಿಷವು ಕಾವಲುಗಾರನನ್ನು ಹೇಗೆ ಮಲಗಿಸುವದು? ಪಶ್ಚಿಮ ಬಂಗಾಲದ ಆರ್ಸೆನಿಕ್ ಪೀಡಿತರ ರಕ್ತವನ್ನು ಪರೀಕ್ಷಿಸಿದ ಸಂಶೋಧಕರು, ಅವರಲ್ಲಿ ಪಿ-೫೩ರ ವಂಶವಾಹಿಯ ಮೇಲೆ ಮೀಥೈಲ್ ಗುರುತುಗಳು ಹೆಚ್ಚಾಗಿದ್ದುದನ್ನು ೨೦೦೬ರಲ್ಲಿ ಪ್ರಕಟಿಸಿದರು. ಅಟ್ಲಾಂಟಾದವರು ಮೆದುಳಿನ ಗಂತಿಯಲ್ಲಿ ಯಾವ ಬಗೆಯ ಮೊಹರನ್ನು ಕಂಡರೋ ಆ ಬಗೆಯ ಮೊಹರನ್ನೇ ಕುಡಿಯುವ ನೀರು ಇಲ್ಲಿ ಬಡವನ ಶರೀರದ ದಫ್ತರಕ್ಕೆ ಹಾಕುತ್ತಿದೆ. ಅಲ್ಲಿ ಮೊಹರನ್ನು ತೆಗೆಯಲು ಕೋಟಿಗಟ್ಟಲೆ ಹಣವು ಬೇಕು; ಇಲ್ಲಿ ಅದು ಬೀಳದಂತೆ ಮಾಡಲು ಶುದ್ಧವಾದ ಒಂದು ಕೊಡ ನೀರು ಸಾಕು.

ವಿಷವೂ ತಿಳಿದವರ ಕೈಯಲ್ಲಿ ಮದ್ದಾಗುವದೆಂಬುದನ್ನು ಹೇಳದೆ ಬಿಡುವದು ನ್ಯಾಯವಲ್ಲ. ಶಂಖಪಾಷಾಣವೇ ರಕ್ತದ ಒಂದು ಬಗೆಯ ಅರ್ಬುದಕ್ಕೆ ಇಂದು ಶ್ರೇಷ್ಠವಾದ ಔಷಧ. ಚೀನಾದ ಹಾರ್ಬಿನ್ ನಗರದ ವೈದ್ಯರು ೧೯೭೦ರ ದಶಕದಲ್ಲಿ ಆರಂಭಿಸಿದ ಈ ಚಿಕಿತ್ಸೆಗೆ ಅಮೇರಿಕೆಯು ೨೦೦೦ದಲ್ಲಿ ಒಪ್ಪಿಗೆಯಿತ್ತಿತು. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಇದೊಂದೇ ಔಷಧದಿಂದ ಹೊಸ ರೋಗಿಗಳಿಗೆ ಚಿಕಿತ್ಸೆ ಮಾಡಿ ಪಡೆದ ಒಳ್ಳೆಯ ಫಲಗಳನ್ನು ೨೦೦೬ರಲ್ಲಿ ಜಗತ್ತಿನ ಮುಂದಿಟ್ಟರು. ಆದರೆ ವೈದ್ಯನು ತೂಗಿ ಅಳೆದು ಕೊಡುವ ಪಾಷಾಣವು ಬೇರೆ, ತಾಂಡಾದ ತಾಯಿಯು ಅರಿಯದೆ ಮಗುವಿಗೆ ಕುಡಿಸುವ ಪಾಷಾಣವು ಬೇರೆ.

ಇನ್ನಿಬ್ಬರು ಘಾತಕರು

ಎರಡನೆಯ ಘಾತಕನು ಪ್ಯಾಪಿಲೋಮಾ ಎಂಬ ವಿಷಾಣು. ಹೆಂಗಸರ ಗರ್ಭಕಂಠದ ಅರ್ಬುದಕ್ಕೆ ಇದೇ ಮೂಲವು. ಈ ವಿಷಾಣುವಿನ ಇ-೬ ಎಂಬ ಪ್ರೋಟೀನು ಪಿ-೫೩ನ್ನು ಹಿಡಿದು ನೇರವಾಗಿ ನಾಶಕ್ಕೆ ಒಪ್ಪಿಸುವದೆಂದು ೧೯೯೦ರಲ್ಲಿಯೇ ತಿಳಿಯಿತು. ಮೂರನೆಯವನು ತಂಬಾಕು. ಅದರ ಹೊಗೆಯೊಳಗಿನ ಒಂದು ವಸ್ತುವು, ಶ್ವಾಸಕೋಶದ ಅರ್ಬುದದಲ್ಲಿ ಪಿ-೫೩ರ ವಂಶವಾಹಿಯು ಎಲ್ಲೆಲ್ಲಿ ಕೆಟ್ಟಿರುವದೋ ಅಲ್ಲಲ್ಲಿಯೇ ಅಂಟಿಕೊಳ್ಳುವದೆಂದು ೧೯೯೬ರಲ್ಲಿ ತೋರಿಸಲಾಯಿತು. ಜಗಿಯುವ ತಂಬಾಕು ಗುಟಕಾಗಳು ಬಾಯಿಯ ಅರ್ಬುದವನ್ನು ತರುತ್ತವೆ. ೨೦೧೬-೧೭ರ ಗಣತಿಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು ೨೩ ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು.

ಈ ಇಬ್ಬರನ್ನೂ ತಡೆಯುವ ಮಾರ್ಗವು ಪ್ರಯೋಗಶಾಲೆಯಲ್ಲಿ ಹುದುಗಿಲ್ಲ. ೧೯೪೮ರ ವರೆಗೆ ನಮ್ಮ ಸಂಗಡವೇ ನಿಜಾಮರ ಆಳಿಕೆಯಲ್ಲಿದ್ದ ಉಸ್ಮಾನಾಬಾದು ಜಿಲ್ಲೆಯನ್ನು ನೋಡಿರಿ. ಮಣ್ಣೂ ಮಳೆಯೂ ಬಡತನವೂ ನಮ್ಮಂತೆಯೇ. ಅಲ್ಲಿಯ ೫೨ ಗ್ರಾಮಸಮೂಹಗಳಲ್ಲಿ ೩೦ರಿಂದ ೫೯ ವಯಸ್ಸಿನ ಒಂದು ಲಕ್ಷದ ಮೂವತ್ತು ಸಾವಿರಕ್ಕಿಂತ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ನಡೆದ ಶೋಧನೆಯ ಫಲವು ೨೦೦೯ರಲ್ಲಿ ಪ್ರಕಟವಾಯಿತು. ಬಾಳಿನಲ್ಲಿ ಒಂದೇ ಒಂದು ಸಲ ಈ ವಿಷಾಣುವಿನ ಪರೀಕ್ಷೆಗೆ ಕರೆಯಲ್ಪಟ್ಟು, ದೋಷ ಕಂಡಲ್ಲಿ ಚಿಕಿತ್ಸೆ ಪಡೆದ ಗುಂಪಿನಲ್ಲಿ ಗರ್ಭಕಂಠದ ಅರ್ಬುದದಿಂದಾದ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಇನ್ನೂ ಸರಳವಾದ ಹಾದಿಯನ್ನು ಹಿಡಿದರು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರೇ ಹುಳಿದ್ರಾವಣವನ್ನು ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆಯಿಂದ ಸಾವುಗಳು ನೂರಕ್ಕೆ ೩೧ರಷ್ಟು ಕಡಿಮೆಯಾದುದನ್ನು ಅವರು ೨೦೧೩ರಲ್ಲಿ ತೋರಿಸಿದರು. ಪ್ಯಾಪಿಲೋಮಾ ವಿಷಾಣುವನ್ನು ಮೊದಲೇ ತಡೆಯುವ ಚುಚ್ಚುಮದ್ದನ್ನು ಪುಣೆಯ ಸೀರಮ್ ಸಂಸ್ಥೆಯು ಸ್ವದೇಶದಲ್ಲಿಯೇ ತಯಾರಿಸಿ ೨೦೨೨ರಲ್ಲಿ ಸರಕಾರದ ಪರವಾನಿಗೆಯನ್ನು ಪಡೆದಿದೆ. ಉಸ್ಮಾನಾಬಾದಿನಲ್ಲಿ ಸಾಧ್ಯವಾದುದು ಸುರಪುರದಲ್ಲಿ ಏಕೆ ಸಾಧ್ಯವಾಗಬಾರದು?

ಆಗಬೇಕಾದುದೇನು?

ಯಾದಗಿರಿಯು ೨೦೦೯ರ ಡಿಸೆಂಬರ ೩೦ರಂದು ಪ್ರತ್ಯೇಕ ಜಿಲ್ಲೆಯಾಯಿತು. ಈ ಭಾಗದ ಹಿಂದುಳಿದಿರುವಿಕೆಯನ್ನು ಮನ್ನಿಸಿ ೨೦೧೨ರಲ್ಲಿ ಸಂಸತ್ತು ಸಂವಿಧಾನಕ್ಕೆ ೩೭೧ಜೆ ವಿಧಿಯನ್ನು ಸೇರಿಸಿತು. ಯಾದಗಿರಿಯಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಬಂದಿದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ. ಇವನ್ನು ನಾವು ಅಲ್ಲಗಳೆಯುವದಿಲ್ಲ, ಸಂತೋಷದಿಂದ ಒಪ್ಪುತ್ತೇವೆ. ಆದರೂ ಸುರಪುರದಿಂದ ಕಲಬುರಗಿಗೆ ನೂರು ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ಬೆಂಗಳೂರು ಸುಮಾರು ಐನೂರು. ವರುಷದ ಕೆಲವು ತಿಂಗಳು ಗುಳೆ ಹೋಗಿ ಹೊಟ್ಟೆ ಹೊರೆಯುವವನಿಗೆ ಚಿಕಿತ್ಸೆಯು ಉಚಿತವಾದರೂ ಚಿಕಿತ್ಸೆಯ ದಾರಿಯು ಉಚಿತವಲ್ಲ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರುಷಕ್ಕೆ ೫ ಲಕ್ಷ ರೂಪಾಯಿಗಳ ವರೆಗಿನ ಚಿಕಿತ್ಸೆಯ ಆಸರೆಯನ್ನು ಕೊಡುವದು; ಆದರೆ ರೋಗಿಯ ಸಂಗಡ ಹೋದವನ ಕಳೆದುಹೋದ ಕೂಲಿಯನ್ನು ಯಾರು ಕೊಡುವರು? ಅನೇಕರು ನಡುದಾರಿಯಲ್ಲಿಯೇ ಚಿಕಿತ್ಸೆಯನ್ನು ಬಿಟ್ಟು ಊರಿಗೆ ಮರಳುವದಕ್ಕೆ ಅಜ್ಞಾನವಲ್ಲ, ಈ ಲೆಕ್ಕವೇ ಕಾರಣ.

ಆದುದರಿಂದ ನಾವು ಅಧಿಕಾರಿಗಳ ಮುಂದೆ ಇಡುವ ಬೇಡಿಕೆಗಳು ನಾಲ್ಕು. ಒಂದನೆಯದಾಗಿ, ಚಿನ್ನದ ಶಿಲೆಗಳಿರುವ ಸೀಮೆಯ ಪ್ರತಿಯೊಂದು ಕುಡಿಯುವ ನೀರಿನ ಮೂಲವನ್ನೂ ಪ್ರತಿವರ್ಷ ಪರೀಕ್ಷಿಸಿ, ಫಲವನ್ನು ಬಾವಿಯ ಬಳಿಯಲ್ಲಿಯೇ ಕನ್ನಡದಲ್ಲಿ ಬರೆದು ನಿಲ್ಲಿಸಬೇಕು. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಗದ್ದೆಗಳಿಗೆ ಹರಿಯುವ ನಾಡಿನಲ್ಲಿ ಒಂದು ತಾಂಡಾವಾದರೂ ವಿಷದ ನೀರನ್ನು ಕುಡಿಯಬಾರದು. ಎರಡನೆಯದಾಗಿ, ಹೆಣ್ಣುಮಕ್ಕಳಿಗೆ ಚುಚ್ಚುಮದ್ದೂ, ಮೂವತ್ತು ದಾಟಿದ ಹೆಂಗಸರಿಗೆ ಪರೀಕ್ಷೆಯೂ ಅವರ ಊರಿನ ಬಾಗಿಲಿಗೇ ಬರಬೇಕು. ಮೂರನೆಯದಾಗಿ, ಬಾಯಲ್ಲಿ ಬಿಳಿಯ ಕೆಂಪಿನ ಮಚ್ಚೆಯೋ ಮೂರು ವಾರಕ್ಕೂ ಮಾಯದ ಹುಣ್ಣೋ ಇದ್ದರೆ ಅದರ ತುಣುಕನ್ನು ಯಾದಗಿರಿಯಲ್ಲಿಯೇ ಪರೀಕ್ಷಿಸಿ, ಉತ್ತರವನ್ನು ಬೇಗನೆ ಕೊಡುವ ಏರ್ಪಾಡು ಆಗಬೇಕು. ನಾಲ್ಕನೆಯದಾಗಿ, ಕಲಬುರಗಿ ಬೆಂಗಳೂರುಗಳಿಗೆ ಹೋಗುವ ರೋಗಿಗೂ ಸಂಗಡಿಗನಿಗೂ ಪ್ರಯಾಣದ ಖರ್ಚೂ ತಂಗುವ ಸ್ಥಳವೂ ದೊರೆಯಬೇಕು.

ಮನೆಯ ಹಿರಿಯರಿಗೂ ಒಂದು ಮಾತು. ಮಗುವಿಗೆ ಮುಂಜಾನೆ ಎದ್ದೊಡನೆ ತಲೆನೋವು ವಾಂತಿಗಳು ಮತ್ತೆ ಮತ್ತೆ ಬರುತ್ತಿದ್ದರೆ, ನಡೆಯುವಾಗ ತೂರಾಡುತ್ತಿದ್ದರೆ, ದೃಷ್ಟಿಯಾಯಿತು ಗಾಳಿ ಸೋಕಿತು ಎಂದು ತಾಯಿತ ಕಟ್ಟಿ ತಿಂಗಳುಗಳನ್ನು ಕಳೆಯಬೇಡಿರಿ. ಮೆದುಳಿನ ಗಂತಿಯೂ ಹೀಗೆಯೇ ಮೊದಲಾಗುವದು. ಶಸ್ತ್ರಕ್ರಿಯೆ, ವಿಕಿರಣ, ಔಷಧಗಳೆಂಬ ಇಂದಿನ ಮೂರು ಉಪಾಯಗಳಿಂದಲೇ, ಒಳ್ಳೆಯ ವ್ಯವಸ್ಥೆಯಿರುವ ದೇಶಗಳಲ್ಲಿ ಮೆಡುಲ್ಲೋಬ್ಲಾಸ್ಟೋಮಾ ಬಂದ ಮಕ್ಕಳಲ್ಲಿ ನೂರಕ್ಕೆ ಸುಮಾರು ೭೦ರಷ್ಟು ಐದು ವರುಷಗಳನ್ನು ದಾಟಿ ಬದುಕುತ್ತವೆ. ವಿಕಿರಣವು ಬೆಳೆಯುವ ಮೆದುಳಿಗೆ ಕೇಡು ಮಾಡಿ ಮಗುವಿನ ಕಲಿಯುವ ಶಕ್ತಿಯನ್ನು ಕುಗ್ಗಿಸುವದರಿಂದಲೇ, ಬಿ.ಎ.ಐ.-೧ನ್ನು ಎಬ್ಬಿಸುವಂಥ ಸೌಮ್ಯವಾದ ಮದ್ದಿಗಾಗಿ ಶಾಸ್ತ್ರಜ್ಞರು ಹಗಲಿರುಳು ದುಡಿಯುತ್ತಿರುವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ನಿಮ್ಹಾನ್ಸ್ ಆಸ್ಪತ್ರೆಯೂ ಕೂಡಿ ಮೆದುಳಿನ ಗಂತಿಗಳ ವಂಶವಾಹಿಗಳ ಅಭ್ಯಾಸವನ್ನು ನಡೆಯಿಸಿರುವದು ಕನ್ನಡನಾಡಿಗೆ ಹೆಮ್ಮೆಯ ವಿಷಯ.

ಆ ಮದ್ದು ಒಂದು ದಿನ ಬರಬಹುದು. ಅದು ಬಂದ ದಿನ ಬೆಂಗಳೂರಿನ ಮಗುವಿಗೆ ದೊರೆತು ಶಹಾಪುರದ ಮಗುವಿಗೆ ದೊರೆಯದಿದ್ದರೆ ವಿಜ್ಞಾನದ್ದು ತಪ್ಪಲ್ಲ, ನಮ್ಮದು. ರೋಗವನ್ನು ಗುರುತಿಸುವ ವೈದ್ಯನೂ ಪರೀಕ್ಷೆಯ ಶಾಲೆಯೂ ದಾರಿಯ ಖರ್ಚೂ ಇಲ್ಲದ ಜಿಲ್ಲೆಗೆ ಎಂಥ ದಿವ್ಯೌಷಧವೂ ಮುಟ್ಟಲಾರದು. ಇಂದು ಶುದ್ಧ ನೀರಿಗೂ ಚುಚ್ಚುಮದ್ದಿಗೂ ಬಾಯಿಯ ಪರೀಕ್ಷೆಗೂ ಹಾಕುವ ಹಾದಿಯೇ ನಾಳೆ ಆ ಮದ್ದು ಬರುವ ಹಾದಿ. ಪ್ರಕೃತಿಯು ಪ್ರತಿ ಶರೀರದಲ್ಲಿಯೂ ಕಾವಲುಗಾರನನ್ನಿರಿಸಿ ತನ್ನ ಕೆಲಸವನ್ನು ಮಾಡಿದೆ. ಅವನು ಮಲಗದಂತೆ ನೋಡಿಕೊಳ್ಳುವದು ಸರಕಾರದ ಹೊಣೆ. ಸರಕಾರವು ಮಲಗದಂತೆ ನೋಡಿಕೊಳ್ಳುವದು ಮೂರು ತಾಲೂಕುಗಳ ಜನರ ಹೊಣೆ.